60 ದಾಟಿದ ಮೇಲೂ ಹಾಡಿ ದುಡಿಯುವವರಿಗೆ ಒಂದು ಸಲಹೆ

ವಯಸ್ಸಾದ ಮೇಲೂ ಒಬ್ಬರೇ ಹಾಡಿ, ನುಡಿಸಿ ಸಂಪಾದನೆ ಮಾಡುವವರು ಈ ಗುಂಪಿನಲ್ಲಿ ಇದ್ದೀರಿ. ರಾತ್ರಿ ಕಾರ್ಯಕ್ರಮಗಳ ಹಿಂದೆ ಓಡುವುದನ್ನು ಕಡಿಮೆ ಮಾಡಿ, ಹಗಲಿನ ಕೆಲಸ ಹುಡುಕಿ. ವೃದ್ಧಾಶ್ರಮ, ಹಿರಿಯರ ಸಂಘ, ಇಂಥ ಕಡೆ ಒಂದು ಗಂಟೆ ಹಾಡಿದರೆ ಸಾಕು. ಅಲ್ಲಿ ಕೂತವರು ಹರೆಯದಲ್ಲಿ ಕೇಳಿದ ಹಾಡುಗಳು ನಿಮಗೆ ಬಾಯಿಪಾಠ. ಈಗಿನ ಹುಡುಗರಿಗೆ ಅಷ್ಟು ಬರುವುದಿಲ್ಲ, ಅಲ್ವಾ? ಮರೆವಿನ ಕಾಯಿಲೆ ಇರುವವರೂ ಹಳೆಯ ಹಾಡು ಕೇಳಿದರೆ ದನಿಗೂಡಿಸುವುದುಂಟು. ಅದನ್ನು ಕಣ್ಣಾರೆ ಕಂಡ ವ್ಯವಸ್ಥಾಪಕರು ಮತ್ತೆ ಕರೆಯುತ್ತಾರೆ. ಅದಕ್ಕೇ ಒಂದು ಸಲದ ಸಂಭಾವನೆಗೆ ಜಾಸ್ತಿ ಚೌಕಾಸಿ ಮಾಡುವ ಬದಲು, "ತಿಂಗಳಿಗೊಮ್ಮೆ ಬರಲಾ?" ಎಂದು ಕೇಳಿ.

ಆದರೆ ಪುಕ್ಕಟೆ ಮಾತ್ರ ಹಾಡಬೇಡಿ. ಸೇವೆ ಅಂತ ಶುರು ಮಾಡಿದರೆ ಆಮೇಲೆ ದುಡ್ಡು ಕೇಳುವುದು ಬಹಳ ಕಷ್ಟ. ದಿನ, ಸಮಯ, ಹಣ, ಕಾರ್ಯಕ್ರಮ ರದ್ದಾದರೆ ಏನು ಕೊಡುತ್ತಾರೆ, ಎಲ್ಲವನ್ನೂ ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ.

ಮೇಲಿನ ಸ್ವರ ಸಿಗದಿದ್ದರೆ ಶ್ರುತಿ ಇಳಿಸಿ. ಅದರಲ್ಲಿ ನಾಚಿಕೆ ಏನೂ ಇಲ್ಲ, ಗಂಟಲು ಉಳಿಯುತ್ತದೆ.

ಕಿವಿಯ ಬಗ್ಗೆ ನನಗೆ ಇನ್ನೂ ಹೆಚ್ಚು ಕಾಳಜಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಆದರೆ 15 ನಿಮಿಷ ಅಷ್ಟೇ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ, ಸ್ವರ ಮಂಕಾಗದೆ ಸದ್ದು ಮಾತ್ರ ತಗ್ಗುತ್ತದೆ. ಮುಂದಿನ ಸಂಭಾವನೆಯಲ್ಲಿ ಮೊದಲು ಅದನ್ನೇ ಕೊಳ್ಳಿ.