ಮಾತಾಡುವ ಟ್ಯಾಬ್: ಮೊದಲು ಒತ್ತಬೇಕಾದವರು ನಾವು

ಆಟಿಸಂ ಇರುವ, ಇನ್ನೂ ಮಾತು ಬಾರದ ಮಗುವಿನ ಮುಂದೆ ಮಾತಾಡುವ ಟ್ಯಾಬ್ (ಚಿತ್ರವಿರುವ ಬಟನ್ ಒತ್ತಿದರೆ ಆ ಪದವನ್ನು ದನಿಯಲ್ಲಿ ಹೇಳುವ ಟ್ಯಾಬ್ಲೆಟ್) ಇಟ್ಟಾಗ ಮೊದಲ ಕೆಲವು ವಾರ ನಾನು ಮಗುವಿನಿಂದ ಏನನ್ನೂ ಒತ್ತಿಸುವುದಿಲ್ಲ. ಒತ್ತುವುದು ನಾನೇ. "ಬಾಗಿಲು ತೆಗಿ" ಎಂದು ಬಾಯಲ್ಲಿ ಹೇಳುತ್ತಲೇ ಟ್ಯಾಬಿನಲ್ಲಿ "ತೆಗಿ" ಒತ್ತುತ್ತೇನೆ. ಮಗು ನೋಡಿದರೂ ಸರಿ, ನೋಡದಿದ್ದರೂ ಸರಿ. ಯಾವ ಮಗುವೇ ಆಗಲಿ, ತಿಂಗಳುಗಟ್ಟಲೆ ಮಾತು ಕಿವಿಗೆ ಬಿದ್ದ ಮೇಲೆ ತಾನೇ ಮಾತಾಡುವುದು? ಬಟನ್ನಿನಲ್ಲಿ ಮಾತಾಡುವವರನ್ನು ಈ ಮಗು ಒಬ್ಬರನ್ನೂ ನೋಡಿಲ್ಲ.

ಅದಕ್ಕೂ ಮೊದಲು ಪರದೆ ಜೋಡಿಸುವ ಕೆಲಸವಿದೆ. ಹೆಚ್ಚು ಎಡವುವುದು ಇಲ್ಲೇ. ಸುಲಭವಾಗಲಿ ಎಂದು ನಾಲ್ಕು ದೊಡ್ಡ ಬಟನ್ ಇಟ್ಟು, ಕಲಿತ ಮೇಲೆ ಇಪ್ಪತ್ತಕ್ಕೆ ಏರಿಸಿದರೆ ಎಲ್ಲ ಪದಗಳ ಜಾಗವೂ ಬದಲಾಗುತ್ತದೆ. ಮಗು ಚಿತ್ರ ನೋಡಿ ಒತ್ತುವುದಕ್ಕಿಂತ ಬೆರಳಿನ ದಾರಿ ನೆನಪಿಟ್ಟು ಒತ್ತುವುದೇ ಹೆಚ್ಚು. ಜಾಗ ಕದಲಿದರೆ ಕಲಿತ ಪದವೇ ಕಳೆದುಹೋದಂತೆ. ಹಾಗಾಗಿ ಮಗುವಿನ ಕಣ್ಣಿಗೂ ಬೆರಳಿಗೂ ನಿಲುಕುವ ಮಟ್ಟಿಗೆ ಹೆಚ್ಚು ಬಟನ್ ಇರುವ ಚೌಕಳಿಯನ್ನೇ ಮೊದಲೇ ಆರಿಸಿ, ಬೇಡದ್ದನ್ನು ಮರೆಮಾಡಿ, ಒಂದೊಂದಾಗಿ ಅದೇ ಜಾಗದಲ್ಲಿ ತೆರೆಯುತ್ತೇನೆ. ಪಕ್ಕದ ಬಟನ್ನಿಗೆ ಬೆರಳು ತಾಗುತ್ತಿದ್ದರೆ ಪರದೆಯ ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಹಾಳೆ ಕೂರಿಸುತ್ತೇನೆ.

ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ಬೇಕು, ಬೇಡ, ಸಾಕು, ಇಲ್ಲ: ಇವು ನಾನು-ನೀನು-ಅವನು ಯಾರಿಗೂ ರೂಪ ಬದಲಿಸುವುದಿಲ್ಲ. ನಾನು ಶುರುಮಾಡುವುದು ಇವುಗಳಿಂದಲೇ. ಜೊತೆಗೆ ಇನ್ನೂ, ಬಾ, ಕೊಡು, ತೆಗಿ, ನಿಲ್ಲಿಸು. ಇಂಗ್ಲಿಷಿಗೆಂದು ಮಾಡಿದ ಪರದೆಗಳಲ್ಲಿ ಕ್ರಿಯಾಪದ ನಾಮಪದಕ್ಕಿಂತ ಎಡಕ್ಕಿರುವುದು ಸಾಮಾನ್ಯ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅದನ್ನು ಬಲಕ್ಕೆ ಸರಿಸಬೇಕು, ಅದೂ ಮಗುವಿನ ಕೈಗೆ ಕೊಡುವ ಮೊದಲೇ. ಮುಂದೆ ಮಗು "ನಾನು ಹೋಗು" ಎಂದು ಒತ್ತಿದರೆ ತಿದ್ದುವುದಿಲ್ಲ. "ಹೌದಾ, ಹೋಗ್ತೀಯಾ? ನಾನೂ ಹೋಗ್ತೀನಿ" ಎಂದು "ಹೋಗ್ತೀನಿ" ಬಟನ್ ಒತ್ತಿ ತೋರಿಸುತ್ತೇನೆ.

ಸೋಪುಗುಳ್ಳೆಯ ಆಟದಲ್ಲಿ ಇದು ನಡೆಯುವುದು ಹೀಗೆ. ಒಮ್ಮೆ ಊದಿ, ಮುಚ್ಚಳ ಬಿಗಿಮಾಡುತ್ತೇನೆ. "ಇನ್ನೂ" ಒತ್ತಿ ಮತ್ತೆ ಊದುತ್ತೇನೆ. ಹೀಗೆ ಐದಾರು ಸಲ. ಆಮೇಲೆ ಟ್ಯಾಬನ್ನು ಮಗುವಿನ ಹತ್ತಿರ ಸರಿಸಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಹತ್ತು ಎಣಿಸುವುದು ಹೇಳಿದಷ್ಟು ಸುಲಭವಲ್ಲ; ಮೂರಕ್ಕೇ ನಮ್ಮ ಬಾಯಿ ತೆರೆಯುತ್ತದೆ. ಏನೂ ಆಗದಿದ್ದರೆ ಬಟನ್ ಕಡೆ ಬೆರಳು ತೋರಿಸುತ್ತೇನೆ, ಆಗಲೂ ಇಲ್ಲವೆಂದರೆ ನಾನೇ ಒತ್ತಿ ಊದುತ್ತೇನೆ. ಮಗುವಿನ ಕೈ ಹಿಡಿದು ಒತ್ತಿಸುವುದಿಲ್ಲ. ಹಾಗೆ ಮಾಡಿದರೆ ಯಾರಾದರೂ ಕೈ ಹಿಡಿಯುವವರೆಗೆ ಕಾಯುವುದನ್ನು ಅದು ಕಲಿಯುತ್ತದೆ. ಅಲ್ಲದೆ ಆ ಮಾತು ಮಗುವಿನದೂ ಅಲ್ಲ.

ಒಂದೇ ಬಟನ್ನನ್ನು ನಲವತ್ತು ಸಲ ಒತ್ತುವ ಮಗುವಿನಿಂದ ಟ್ಯಾಬ್ ಕಸಿಯಬಾರದು. ತೊದಲುವ ಕೂಸಿನ ಬಾಯಿ ಯಾರು ಮುಚ್ಚುತ್ತಾರೆ? ಗಲಾಟೆಯೆನಿಸಿದರೆ ದನಿ ತಗ್ಗಿಸಿ. "ಬೇಡ" ಒತ್ತಿದರೆ, ಸಾಧ್ಯವಿರುವಲ್ಲೆಲ್ಲ ಆ ಕ್ಷಣವೇ ನಿಲ್ಲಿಸಬೇಕು. ಒತ್ತಿದರೂ ಏನೂ ಆಗದ "ಬೇಡ"ವನ್ನು ಮಗು ಬಿಟ್ಟುಬಿಡುತ್ತದೆ, ಮತ್ತೆ ಕಚ್ಚಿಯೋ ಕಿರುಚಿಯೋ ಹೇಳುತ್ತದೆ.

ಟ್ಯಾಬಿನಲ್ಲಿ ವಿಡಿಯೊ, ಆಟ ಇರಬಾರದು. ಮಾತಾಡುವ ಆ ಒಂದು ಆ್ಯಪ್‌ನಲ್ಲೇ ಅದನ್ನು ಲಾಕ್ ಮಾಡಬೇಕು. ಅದೇ ಪರದೆಯನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಡಿ, ಚಾರ್ಜ್ ಮುಗಿದಾಗಲೂ ಸ್ನಾನದ ಮನೆಯಲ್ಲೂ ಅದೇ ಬಾಯಿ.

"ಇದು ರೂಢಿಯಾದರೆ ಬಾಯಿಂದ ಮಾತೇ ಬರಲಿಕ್ಕಿಲ್ಲ" ಎಂಬ ಭಯ ಎಲ್ಲ ತಂದೆತಾಯಿಗೂ ಇರುತ್ತದೆ. 2006ರಲ್ಲಿ ಪ್ರಕಟವಾದ ಸಂಶೋಧನಾ ಸಮೀಕ್ಷೆಯೊಂದು ಸನ್ನೆ, ಚಿತ್ರ, ಸಾಧನಗಳನ್ನು ಬಳಸಿದ, ಬೆಳವಣಿಗೆಯ ತೊಂದರೆಯಿದ್ದ 27 ಜನರ ಮಾತನ್ನು ಪರಿಶೀಲಿಸಿತು. ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ, ಶೇಕಡ 89 ಜನರಲ್ಲಿ ಹೆಚ್ಚಿತ್ತು. ಹೆಚ್ಚಳ ಬಹಳ ಸಲ ಚಿಕ್ಕದೇ, ಅದನ್ನೂ ನಾನು ಮುಚ್ಚಿಡದೆ ಹೇಳುತ್ತೇನೆ.

ದಿನಕ್ಕೆ ಹದಿನೈದು ನಿಮಿಷ ಮಾತ್ರ ಬರೆದಿಡುತ್ತೇನೆ: ಯಾವ ಪದ, ತಾನಾಗಿ ಒತ್ತಿದ್ದೋ ತೋರಿಸಿದ ಮೇಲೋ, ಏತಕ್ಕಾಗಿ. ಎರಡು ವಾರದ ಹಾಳೆಯಲ್ಲಿ ಬರೀ ಬೇಕಾದ್ದನ್ನು ಕೇಳುವುದೇ ಇದ್ದರೆ ತಪ್ಪು ನನ್ನದು, ನಾನು ಅಷ್ಟನ್ನೇ ತೋರಿಸಿದ್ದೇನೆ. ಮಾರನೆಯ ದಿನದಿಂದ "ಅಯ್ಯೋ", "ನೋಡು", "ಬಿತ್ತು" ಒತ್ತಲು ಶುರುಮಾಡುತ್ತೇನೆ.