ನಿರುದ್ಯೋಗ ವಿಮೆಯ ಹಣ ತಡವಾದಾಗ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಕೆಲಸ ಹೋದ ಸುದ್ದಿಯನ್ನು ಊರಿನಲ್ಲಿರುವ ಅಪ್ಪ ಅಮ್ಮನಿಗೆ ಹೇಳುವುದೋ ಬೇಡವೋ ಎಂಬ ತೊಳಲಾಟದಲ್ಲೇ ಮೊದಲ ವಾರ ಕಳೆಯುತ್ತದೆ. ಅರ್ಜಿ ಹಾಕುವ ಯೋಚನೆ ಬರುವಷ್ಟರಲ್ಲಿ ಎರಡನೆಯ ವಾರವೂ ಮುಗಿದಿರುತ್ತದೆ. ನಮ್ಮ ಸಂಘಕ್ಕೆ ಫೋನ್ ಮಾಡುವ ಅನೇಕರ ತೊಂದರೆ ಇಲ್ಲಿಂದಲೇ ಶುರುವಾಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಿರುದ್ಯೋಗ ವಿಮೆಯನ್ನು ನೋಡಿಕೊಳ್ಳುವ ಇಲಾಖೆ, ಎಲ್ಲರೂ ಇಡಿಡಿ ಎಂದೇ ಕರೆಯುವ ಎಂಪ್ಲಾಯ್‌ಮೆಂಟ್ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್, ನಿಮ್ಮ ಕ್ಲೇಮನ್ನು ಲೆಕ್ಕ ಹಾಕುವುದು ಕೆಲಸ ಹೋದ ದಿನದಿಂದ ಅಲ್ಲ, ನೀವು ಅರ್ಜಿ ಹಾಕಿದ ವಾರದ ಭಾನುವಾರದಿಂದ. ಅದರಲ್ಲೂ ಅರ್ಹತೆಯಿರುವ ಮೊದಲ ಒಂದು ವಾರವನ್ನು ಕಾಯುವ ವಾರವೆಂದು ಎಣಿಸಿ ಹಣ ಕೊಡುವುದಿಲ್ಲ. ಆಮೇಲೂ ಅರ್ಜಿ ಪರಿಶೀಲನೆಯಾಗಿ ಮೊದಲ ಹಣ ಕೈಸೇರಲು ಸುಮಾರು ಮೂರು ವಾರ ಹಿಡಿಯುವುದು ಸಹಜ. ಅಷ್ಟನ್ನು ತಡವೆಂದು ಎಣಿಸಬೇಕಾಗಿಲ್ಲ. ಈ ಬರಹವಿರುವುದು ಅದಕ್ಕೂ ಮೀರಿದ ತಡದ ಬಗ್ಗೆ.

ಅರ್ಜಿ ಹಾಕಲು ನಮ್ಮವರು ಹಿಂಜರಿಯಲು ಇನ್ನೊಂದು ಕಾರಣವೂ ಇದೆ. ಸರ್ಕಾರದ ದುಡ್ಡಿಗೆ ಕೈಚಾಚುವುದೇ ಎಂಬ ಸಂಕೋಚ ಅದು. ಇದು ದಾನವಲ್ಲ, ವಿಮೆ. ನೀವು ದುಡಿಯುತ್ತಿದ್ದಷ್ಟು ದಿನವೂ ನಿಮ್ಮ ಕಂಪನಿ ನಿಮ್ಮ ಸಂಬಳದ ಲೆಕ್ಕದ ಮೇಲೆ ಇದಕ್ಕಾಗಿಯೇ ತೆರಿಗೆ ಕಟ್ಟಿರುತ್ತದೆ. ಸಿಗುವ ಮೊತ್ತವೂ ಅಂಥ ದೊಡ್ಡದೇನಲ್ಲ: ವಾರಕ್ಕೆ ಕನಿಷ್ಠ 40 ಡಾಲರ್, ಗರಿಷ್ಠ 450 ಡಾಲರ್, ಹೆಚ್ಚೆಂದರೆ 26 ವಾರ. 2005ರಲ್ಲಿ ನಿಗದಿಯಾದ ಆ 450 ಡಾಲರ್ ಮಿತಿ ಇಂದು ಸನ್ನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಒಂದು ವಾರದ ಮನೆಬಾಡಿಗೆಗೂ ಸಾಲದು. ಹಾಗೆಂದು ಬಿಟ್ಟುಕೊಡುವಂಥದ್ದೂ ಅಲ್ಲ; ಆರು ತಿಂಗಳಿಗೆ ಅದು 11,700 ಡಾಲರ್ ಆಗುತ್ತದೆ.

ವೀಸಾ ಮತ್ತು ಅರ್ಹತೆ

ವಿಮೆ ಪಡೆಯುವವರು ಕೆಲಸ ಮಾಡಲು ಶಕ್ತರಾಗಿರಬೇಕು, ಕೆಲಸ ಸಿಕ್ಕರೆ ಕೂಡಲೇ ಒಪ್ಪಿಕೊಳ್ಳಲು ಸಿದ್ಧರಿರಬೇಕು, ಹಾಗೆ ಒಪ್ಪಿಕೊಳ್ಳುವುದಕ್ಕೆ ಕಾನೂನಿನ ಅನುಮತಿಯೂ ಇರಬೇಕು. ಎಚ್-1ಬಿ ವೀಸಾದಲ್ಲಿರುವವರು ಎಡವುವುದು ಈ ಮೂರನೆಯ ಮಾತಿನಲ್ಲಿ. ಅವರ ಅನುಮತಿ ಒಂದೇ ಕಂಪನಿಗೆ ಕಟ್ಟಿಹಾಕಿದ್ದು. ಆ ಕೆಲಸ ಹೋದ ಮೇಲೆ ಗರಿಷ್ಠ 60 ದಿನ ಇಲ್ಲಿ ಉಳಿಯಬಹುದಾದರೂ ಹೊಸ ಕಂಪನಿ ಅರ್ಜಿ ಸಲ್ಲಿಸುವವರೆಗೆ ಬೇರೆಡೆ ದುಡಿಯುವಂತಿಲ್ಲ. ಆದ್ದರಿಂದ ಅವರಿಗೆ ಸಾಮಾನ್ಯವಾಗಿ ಈ ಹಣ ಸಿಗುವುದಿಲ್ಲ. ಅವರ ಸಂಬಳದ ಮೇಲೂ ಕಂಪನಿ ಇದೇ ತೆರಿಗೆಯನ್ನು ಕಟ್ಟಿರುತ್ತದೆ ಎಂಬುದನ್ನು ನೋಡಿದರೆ ಇದು ನ್ಯಾಯವೆಂದು ನಮಗಂತೂ ಅನ್ನಿಸುವುದಿಲ್ಲ, ಆದರೆ ನಿಯಮ ಇರುವುದು ಹೀಗೆ. ಆ 60 ದಿನಗಳನ್ನು ಇದರ ಬೆನ್ನುಹತ್ತಿ ಕಳೆಯುವ ಬದಲು ವಲಸೆ ವಕೀಲರನ್ನು ಕಾಣುವುದು ಮೇಲು. ಹಸಿರು ಕಾರ್ಡ್ ಉಳ್ಳವರು, ಎಚ್-4 (ಎಚ್-1ಬಿಯವರ ಸಂಗಾತಿಯ ವೀಸಾ) ಮೇಲೆ ಇಎಡಿ, ಅಂದರೆ ಕೆಲಸದ ಅನುಮತಿಯ ಕಾರ್ಡ್, ಇರುವವರು, ಎಲ್-2 ವೀಸಾದಲ್ಲಿ ದುಡಿಯುವ ಸಂಗಾತಿಗಳು, ಹಸಿರು ಕಾರ್ಡಿನ ಅರ್ಜಿ ಬಾಕಿಯಿದ್ದು ಅದರ ಆಧಾರದ ಮೇಲೆ ಇಎಡಿ ಪಡೆದವರು ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದಾದ್ದರಿಂದ ಅರ್ಜಿ ಹಾಕಬಹುದು. ಇಎಡಿ ಕಾರ್ಡಿನ ಅವಧಿ ಕ್ಲೇಮಿನ ನಡುವೆ ಮುಗಿದರೆ ಹಣವೂ ಅಲ್ಲಿಗೇ ನಿಲ್ಲಬಹುದು. ನವೀಕರಣದ ಅರ್ಜಿಯನ್ನು ಮುಂಚಿತವಾಗಿ ಹಾಕಿ, ಅದರ ರಸೀದಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಗಂಡನಿಗೋ ಹೆಂಡತಿಗೋ ದೂರದ ಊರಿನಲ್ಲಿ ಕೆಲಸ ಸಿಕ್ಕಿ ಜೊತೆಗೆ ಹೋಗಬೇಕಾಗಿ ಬಂದು ಕೆಲಸ ಬಿಟ್ಟವರು ತಾವಾಗಿ ಬಿಟ್ಟೆವೆಂಬ ಕಾರಣಕ್ಕೆ ಸುಮ್ಮನಾಗುವುದುಂಟು. ದಿನವೂ ಹೋಗಿಬರಲು ಆಗದಷ್ಟು ದೂರಕ್ಕೆ ಸಂಗಾತಿಯೊಂದಿಗೆ ಮನೆ ಬದಲಿಸುವುದನ್ನು ಈ ರಾಜ್ಯ ಯೋಗ್ಯ ಕಾರಣವೆಂದು ಒಪ್ಪುತ್ತದೆ. ಬೇರೆ ರಾಜ್ಯದಿಂದ ಇತ್ತೀಚೆಗೆ ಬಂದವರು ಅಲ್ಲಿನ ಸಂಬಳವನ್ನೂ ಇಲ್ಲಿನದನ್ನೂ ಕೂಡಿಸಿ ಲೆಕ್ಕ ಹಾಕುವಂತೆ ಕೇಳಬಹುದು. ಬೆಂಗಳೂರಿನ ಸಂಬಳ ಮಾತ್ರ ಯಾವ ಲೆಕ್ಕಕ್ಕೂ ಬಾರದು.

ಸಂಬಳ ಸೊನ್ನೆ ಎಂದು ಪತ್ರ ಬಂದರೆ

ಅರ್ಜಿ ಹಾಕಿದ ಕೆಲವು ದಿನಗಳಲ್ಲಿ ನಿಮಗೆ ವಾರಕ್ಕೆ ಎಷ್ಟು ಸಿಗಬಹುದೆಂದು ತಿಳಿಸುವ ಪತ್ರ ಬರುತ್ತದೆ. ಅದರಲ್ಲಿ ನಿಮ್ಮ ಸಂಬಳ ತ್ರೈಮಾಸಿಕವಾಗಿ ನಮೂದಾಗಿರುತ್ತದೆ. ಅಲ್ಲಿ ಸೊನ್ನೆ ಕಂಡರೆ ಗಾಬರಿಯಾಗುವ ಮೊದಲು ತಿಂಗಳುಗಳನ್ನು ನೋಡಿ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಮುಗಿದ ಐದು ತ್ರೈಮಾಸಿಕಗಳಲ್ಲಿ ಮೊದಲ ನಾಲ್ಕನ್ನು. ಉದಾಹರಣೆಗೆ 2025ರ ಏಪ್ರಿಲ್‌ನಲ್ಲಿ ಅರ್ಜಿ ಹಾಕಿದವರಿಗೆ 2024ರ ಜನವರಿಯಿಂದ ಡಿಸೆಂಬರ್‌ವರೆಗಿನ ಸಂಬಳ ಎಣಿಕೆಯಾಗುತ್ತದೆ. 2025ರ ಜನವರಿಯಲ್ಲಿ ಇಲ್ಲಿ ಕೆಲಸಕ್ಕೆ ಸೇರಿದವರ ದುಡಿಮೆ ಆ ಕಿಟಕಿಯ ಆಚೆಗೇ ಉಳಿಯುತ್ತದೆ. ಇಂಥವರಿಗಾಗಿ ತೀರಾ ಇತ್ತೀಚಿನ ನಾಲ್ಕು ತ್ರೈಮಾಸಿಕಗಳನ್ನು ನೋಡುವ ಬದಲಿ ಲೆಕ್ಕವೊಂದಿದೆ. ಒಂದು ತ್ರೈಮಾಸಿಕದಲ್ಲಿ 1,300 ಡಾಲರ್ ದುಡಿದಿದ್ದರೂ ಅರ್ಹತೆ ಬರುವುದರಿಂದ ಹೊಸಬರು ಇದನ್ನು ಕೇಳದೆ ಬಿಡಬಾರದು.

ತಿಂಗಳುಗಳು ಸರಿಯಿದ್ದೂ ಸಂಬಳ ಕಾಣದಿದ್ದರೆ, ನಮ್ಮ ಅನುಭವದಲ್ಲಿ, ಮೊದಲು ಅನುಮಾನಿಸಬೇಕಾದದ್ದು ಹೆಸರನ್ನು. ಊರಿನ ಹೆಸರು, ಅಪ್ಪನ ಹೆಸರು, ಕೊನೆಯಲ್ಲಿ ತನ್ನ ಹೆಸರು ಎಂಬ ನಮ್ಮ ಕಡೆಯ ಕ್ರಮ ಇಲ್ಲಿನ ನಮೂನೆಗಳ ಎರಡು ಮೂರು ಚೌಕಗಳಲ್ಲಿ ಹಿಡಿಸುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಾಗ ಊರು ಮೊದಲ ಹೆಸರಾಗುತ್ತದೆ. ಉಪನಾಮವೇ ಇಲ್ಲದವರಿಗೆ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಅಂಟಿಕೊಳ್ಳುತ್ತದೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಒಂದು ರೂಪ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು, ಕಂಪನಿಯ ಪೇರೋಲ್‌ನಲ್ಲಿ ಮತ್ತೊಂದು. ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿರುವ ಹೆಸರನ್ನು ಅಕ್ಷರ ತಪ್ಪದಂತೆ ಬರೆಯಿರಿ, ಹಿಂದೆ ಬಳಸಿದ ಬೇರೆ ಹೆಸರುಗಳೇನು ಎಂದು ಕೇಳುವ ಕಡೆ ಉಳಿದ ಎಲ್ಲ ರೂಪಗಳನ್ನೂ ತುಂಬಿರಿ. ಸಂಬಳದ ಪಟ್ಟಿ ತಪ್ಪಿದ್ದರೆ ಪೇ ಸ್ಟಬ್ (ಸಂಬಳದ ಚೀಟಿ) ಮತ್ತು ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆಯ ವಿವರ) ಪ್ರತಿಗಳನ್ನು ಪತ್ರದಲ್ಲಿ ಹೇಳಿದ ಗಡುವಿನೊಳಗೆ ಕಳುಹಿಸಬೇಕು. ಕೆಲಸ ಹೋದ ದಿನವೇ ಕಂಪನಿಯ ಲ್ಯಾಪ್‌ಟಾಪ್ ಮುಚ್ಚಿಹೋಗುತ್ತದೆ. ಆದ್ದರಿಂದ ಪೇ ಸ್ಟಬ್‌ಗಳನ್ನು ಈಗಲೇ, ಕೆಲಸ ಇರುವಾಗಲೇ, ಮನೆಯ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ.

ವಿಳಾಸದಲ್ಲಿ ಅಪಾರ್ಟ್‌ಮೆಂಟ್ ಸಂಖ್ಯೆ ಬಿಟ್ಟುಹೋಗಿರುವುದು ತಡಕ್ಕೆ ಇನ್ನೊಂದು ಸಾಮಾನ್ಯ ಕಾರಣ. ಗುರುತು ದೃಢಪಡಿಸಿ ಎಂದು ಕೇಳುವ ಪತ್ರಕ್ಕೆ ಸಾಮಾನ್ಯವಾಗಿ 10 ದಿನಗಳ ಗಡುವಿರುತ್ತದೆ, ಅದು ಪಕ್ಕದ ಮನೆಯ ಟಪಾಲು ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. 2020ರಲ್ಲಿ ಸಾಂಕ್ರಾಮಿಕದ ಕಾಲದಲ್ಲಿ ಸುಳ್ಳು ಕ್ಲೇಮುಗಳು ಪ್ರವಾಹದಂತೆ ಬಂದ ಮೇಲೆ ಐಡಿ.ಮಿ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಗುರುತು ಪರೀಕ್ಷೆ ಜಾರಿಗೆ ಬಂದಿತು. ಅದರಲ್ಲಿ ಹೆಸರು ಹೊಂದದೆ ಸಿಕ್ಕಿಕೊಂಡವರು ವಿಡಿಯೊ ಕರೆಯಲ್ಲಿ ಮನುಷ್ಯರೊಬ್ಬರಿಗೆ ದಾಖಲೆ ತೋರಿಸುವ ದಾರಿಯನ್ನು ಆರಿಸಿಕೊಳ್ಳಬಹುದು.

ಎರಡು ವಾರಕ್ಕೊಮ್ಮೆ ಉತ್ತರಿಸುವುದು

ಹಣ ಬಾರದಿದ್ದಾಗ ಜನ ಮಾಡುವ ಅತಿ ದುಬಾರಿ ತಪ್ಪೆಂದರೆ ಸರ್ಟಿಫೈ ಮಾಡುವುದನ್ನು ನಿಲ್ಲಿಸುವುದು. ಎರಡು ವಾರಕ್ಕೊಮ್ಮೆ ಆನ್‌ಲೈನ್‌ನಲ್ಲೋ, ಫೋನಿನಲ್ಲೋ, ಕಾಗದದ ನಮೂನೆಯಲ್ಲೋ ಆರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕ್ಲೇಮ್ ಬಾಕಿಯಿದ್ದರೂ, ತಿರಸ್ಕೃತವಾಗಿ ನೀವು ಮೇಲ್ಮನವಿ ಹಾಕಿದ್ದರೂ, ಇದನ್ನು ಬಿಡುವಂತಿಲ್ಲ. ಕೊನೆಗೆ ತೀರ್ಪು ನಿಮ್ಮ ಪರವಾಗಿ ಬಂದಾಗ ಹಣ ಸಿಗುವುದು ಸರ್ಟಿಫೈ ಮಾಡಿದ ವಾರಗಳಿಗೆ ಮಾತ್ರ. ಮೂರು ತಿಂಗಳು ಕಾದು ಗೆದ್ದು, ನಡುವಿನ ವಾರಗಳಿಗೆ ಉತ್ತರವೇ ಕೊಟ್ಟಿರದೆ ಕೈಚೆಲ್ಲಿ ಕುಳಿತ ದಂಪತಿಯನ್ನು ನಾವು ನೋಡಿದ್ದೇವೆ. ರಾಜ್ಯದ ಉದ್ಯೋಗ ತಾಣವಾದ ಕ್ಯಾಲ್‌ಜಾಬ್ಸ್‌ನಲ್ಲಿ ಹೆಸರು ನೋಂದಾಯಿಸಿ ರೆಸ್ಯೂಮೆ ಹಾಕಲು 21 ದಿನಗಳ ಅವಕಾಶವಿರುತ್ತದೆ, ಅದನ್ನೂ ಮರೆಯಬೇಡಿ.

ಆರು ಪ್ರಶ್ನೆಗಳಲ್ಲಿ ಮೂರು ನಮ್ಮವರನ್ನು ವಿಶೇಷವಾಗಿ ಕಾಡುತ್ತವೆ. ಓದು ಅಥವಾ ತರಬೇತಿ ಆರಂಭಿಸಿದ್ದೀರಾ ಎಂಬುದಕ್ಕೆ ಸಂಜೆಯ ಕಮ್ಯುನಿಟಿ ಕಾಲೇಜಿನ ಕೋರ್ಸಿಗೆ ಸೇರಿದವರು ಹೌದು ಎನ್ನಲೇಬೇಕು; ಆಗ ಫೋನ್ ಸಂದರ್ಶನ ನಿಗದಿಯಾಗಿ ಹಣ ತಾತ್ಕಾಲಿಕವಾಗಿ ನಿಲ್ಲುತ್ತದೆ, ಕೋರ್ಸು ಕೆಲಸದ ವೇಳೆಗೆ ಅಡ್ಡಿಯಲ್ಲವೆಂದು ವಿವರಿಸಿದರೆ ಬಿಡುಗಡೆಯಾಗುತ್ತದೆ. ಏನಾದರೂ ದುಡಿದಿದ್ದೀರಾ ಎಂಬ ಪ್ರಶ್ನೆಗೆ ಹಣ ಕೈಗೆ ಬಂದ ವಾರವನ್ನಲ್ಲ, ಕೆಲಸ ಮಾಡಿದ ವಾರವನ್ನು ಹೇಳಬೇಕು, ಅದೂ ತೆರಿಗೆ ಕಡಿತಕ್ಕೆ ಮುಂಚಿನ ಮೊತ್ತವನ್ನು. ವಾರಾಂತ್ಯದಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳಿ ಗಳಿಸಿದ ಹಣವೂ ಇದರಲ್ಲಿ ಸೇರುತ್ತದೆ. ಗಳಿಕೆಯ 25 ಡಾಲರ್ ಅಥವಾ ನಾಲ್ಕನೆಯ ಒಂದು ಭಾಗ, ಯಾವುದು ಹೆಚ್ಚೋ ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಕಳೆಯುತ್ತಾರೆ; ಆದ್ದರಿಂದ ಮುಚ್ಚಿಟ್ಟು ದಕ್ಕುವುದು ಅಲ್ಪ.

ಮೂರನೆಯದು, ಪೂರ್ಣಾವಧಿ ಕೆಲಸ ಒಪ್ಪಿಕೊಳ್ಳಲು ಆಗದಂಥ ಕಾರಣವೇನಾದರೂ ಇತ್ತೇ ಎಂಬುದು. ಹೇಗೂ ಕೆಲಸವಿಲ್ಲ, ತಂಗಿಯ ಮದುವೆ ಮುಗಿಸಿಕೊಂಡು ಬರೋಣವೆಂದು ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದಲೇ ಸರ್ಟಿಫೈ ಮಾಡುವವರಿದ್ದಾರೆ. ದೇಶದ ಹೊರಗಿರುವ ದಿನಗಳಲ್ಲಿ ನೀವು ಕೆಲಸಕ್ಕೆ ಲಭ್ಯರಲ್ಲ, ಆ ವಾರಗಳಿಗೆ ಹಣವಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ಹೋಗುವುದು ಆ ವಾರಗಳ ಹಣವಷ್ಟೇ. ಮರೆಮಾಚಿದರೆ ಪಡೆದದ್ದನ್ನು ಶೇ 30ರ ದಂಡದೊಂದಿಗೆ ಹಿಂತಿರುಗಿಸಬೇಕಾಗಬಹುದು, ಮುಂದೆ 5ರಿಂದ 23 ವಾರಗಳವರೆಗೆ ಹಣ ನಿರಾಕರಿಸಲೂಬಹುದು. ವಲಸೆಯ ಅರ್ಜಿ ಬಾಕಿಯಿರುವವರು ವಂಚನೆಯೆಂಬ ಮಾತು ತಮ್ಮ ಕಡತಕ್ಕೆ ಸೇರಿದರೆ ಏನಾದೀತೆಂದು ಯೋಚಿಸಬೇಕು.

ಫೋನ್ ಸಂದರ್ಶನದ ಬಗ್ಗೆ ಒಂದು ಸಣ್ಣ ಮಾತು. ದಿನ ಮತ್ತು ವೇಳೆಯನ್ನು ಮುಂಚಿತವಾಗಿ ತಿಳಿಸುತ್ತಾರೆ. ಅಪರಿಚಿತ ಕರೆಗಳನ್ನು ತಾನಾಗಿ ಮೌನಗೊಳಿಸುವ ಸೌಲಭ್ಯವನ್ನು ಆ ದಿನ ನಿಮ್ಮ ಮೊಬೈಲಿನಲ್ಲಿ ಬಂದ್ ಮಾಡಿ. ನೀವು ಸಿಗದಿದ್ದರೆ ಕೈಯಲ್ಲಿರುವ ಮಾಹಿತಿಯ ಮೇಲೆಯೇ ನಿರ್ಧಾರ ಮಾಡುತ್ತಾರೆ, ಆ ಮಾಹಿತಿ ಎಷ್ಟೋ ವೇಳೆ ಹಳೆಯ ಕಂಪನಿ ಹೇಳಿದ್ದು ಮಾತ್ರವಾಗಿರುತ್ತದೆ. ಇಂಗ್ಲಿಷ್ ಸರಾಗವಲ್ಲದವರು ದುಭಾಷಿಯನ್ನು ಉಚಿತವಾಗಿ ಕೇಳಬಹುದು. ಎರಡನೆಯ ತರಗತಿಯ ಮಗನ ಕೈಗೆ ಫೋನ್ ಕೊಡಬೇಡಿ.

ತಿರಸ್ಕಾರದ ಪತ್ರ ಬಂದರೆ

ಅರ್ಹರಲ್ಲವೆಂಬ ನಿರ್ಣಯದ ಪತ್ರದೊಂದಿಗೆ ಮೇಲ್ಮನವಿಯ ನಮೂನೆಯೂ ಬರುತ್ತದೆ. ಪತ್ರ ನಿಮ್ಮ ಕೈಸೇರಿದ ದಿನದಿಂದ ಅಲ್ಲ, ಅದರ ಮೇಲೆ ಮುದ್ರಿಸಿದ ದಿನಾಂಕದಿಂದ 30 ದಿನಗಳೊಳಗೆ ಮನವಿ ಹೋಗಬೇಕು. ಮನವಿಯಲ್ಲಿ ವಾದ ಬೇಡ. ಈ ನಿರ್ಣಯವನ್ನು ಒಪ್ಪುವುದಿಲ್ಲ, ಕಾರಣ ಇಂಥದ್ದು ಎಂಬ ನಾಲ್ಕು ಸಾಲು ಸಾಕು. ವಿಚಾರಣೆ ನಡೆಸುವುದು ಇಡಿಡಿ ಅಲ್ಲ, ಅದರಿಂದ ಪ್ರತ್ಯೇಕವಾದ ಮೇಲ್ಮನವಿ ಮಂಡಳಿಯ ಆಡಳಿತ ನ್ಯಾಯಾಧೀಶರು. ಹೆಚ್ಚಿನವು ಫೋನಿನಲ್ಲೇ ನಡೆಯುತ್ತವೆ.

ಕಳೆದ ವರ್ಷ ಇಂಥ ಒಂದು ವಿಚಾರಣೆಗೆ ಸಿದ್ಧಪಡಿಸಲು ನಮ್ಮಲ್ಲೊಬ್ಬರು ಹೋಗಿದ್ದರು. ಮನೆಯಾಕೆ ಹಳೆಯ ಕಾಜು ಬರ್ಫಿಯ ಡಬ್ಬಿಯಲ್ಲಿ ಎಲ್ಲ ಪತ್ರಗಳನ್ನೂ ಇಟ್ಟಿದ್ದರು, ಲಕೋಟೆ ಸಮೇತ. ಅಡುಗೆಮನೆಯ ಮೇಜಿನ ಮೇಲೆ ದಿನಾಂಕದ ಕ್ರಮದಲ್ಲಿ ಹರಡಿದಾಗ ಮೇಲಧಿಕಾರಿಯ ಒಂದು ಪುಟ್ಟ ಇಮೇಲ್ ಸಿಕ್ಕಿತು: ತಂಡವನ್ನೇ ಮುಚ್ಚುತ್ತಿದ್ದೇವೆ, ಶುಕ್ರವಾರ ನಿಮ್ಮ ಕೊನೆಯ ದಿನ. ಕಂಪನಿ ಇಲಾಖೆಗೆ ತಿಳಿಸಿದ್ದು ಆಕೆ ತಾವಾಗಿ ಬಿಟ್ಟರೆಂದು. ಆ ಇಮೇಲನ್ನು ವಿಚಾರಣೆಗೆ ಮೊದಲೇ ಕಳುಹಿಸಿದ್ದರಿಂದ ನ್ಯಾಯಾಧೀಶರ ಮುಂದೆ ಮಾತು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ರಾಜೀನಾಮೆ ಕೊಟ್ಟುಬಿಡಿ, ದಾಖಲೆಗೆ ಒಳ್ಳೆಯದು ಎಂದು ಎಚ್‌ಆರ್‌ನವರು ನಯವಾಗಿ ಹೇಳಿದರೆ ಸಹಿ ಹಾಕುವ ಮೊದಲು ಇದನ್ನು ನೆನೆಯಿರಿ.

ವಾರಗಟ್ಟಲೆ ಬಾಕಿ ಎಂಬ ಒಂದೇ ಪದ ಪರದೆಯ ಮೇಲೆ ಕದಲದೆ ಕುಳಿತಿದ್ದರೆ ಮೊದಲು ಆನ್‌ಲೈನ್ ಖಾತೆಯ ಮೂಲಕ ಬರವಣಿಗೆಯಲ್ಲಿ ಕೇಳಿ, ಆಮೇಲೆ ಬೆಳಿಗ್ಗೆ ಎಂಟಕ್ಕೆ ಲೈನ್ ತೆರೆದ ಕೂಡಲೇ ಫೋನ್ ಮಾಡಿ. ಯಾರೊಂದಿಗೆ, ಎಂದು, ಏನು ಮಾತಾಯಿತು ಎಂಬುದನ್ನು ಬರೆದಿಡಿ. ಅದಕ್ಕೂ ಬಗೆಹರಿಯದಿದ್ದರೆ ನಿಮ್ಮ ಕ್ಷೇತ್ರದ ರಾಜ್ಯ ಅಸೆಂಬ್ಲಿ ಸದಸ್ಯರ ಕಚೇರಿಗೆ ಬರೆಯಿರಿ. ಇಲ್ಲಿನ ಶಾಸಕರ ಕಚೇರಿಗಳಲ್ಲಿ ಇಂಥ ತೊಡಕುಗಳನ್ನು ವಿಚಾರಿಸಲೆಂದೇ ಸಿಬ್ಬಂದಿ ಇರುತ್ತಾರೆ, ಅದಕ್ಕೆ ಪರಿಚಯವೂ ಬೇಡ, ಶಿಫಾರಸೂ ಬೇಡ. ನೀವು ಮತದಾರರಾಗಿರಬೇಕೆಂದೂ ಇಲ್ಲ, ಕ್ಷೇತ್ರದ ನಿವಾಸಿಯಾಗಿದ್ದರೆ ಸಾಕು. ಹಣ ಬೇಗ ಕೊಡಿಸುತ್ತೇವೆಂದು ಶುಲ್ಕ ಕೇಳುವವರಿಗೆ ಮಾತ್ರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಕೊಡಬೇಡಿ. ಅರ್ಜಿಗೂ ಮೇಲ್ಮನವಿಗೂ ಬಿಡಿಗಾಸಿನ ಖರ್ಚಿಲ್ಲ.

ಬಂದ ಹಣಕ್ಕೆ ರಾಜ್ಯದ ತೆರಿಗೆಯಿಲ್ಲ, ಫೆಡರಲ್ ತೆರಿಗೆಯಿದೆ. ಬೇಕಿದ್ದರೆ ಪ್ರತಿ ಕಂತಿನಲ್ಲೂ ಶೇ 10ನ್ನು ಮೊದಲೇ ಹಿಡಿಯುವಂತೆ ಕೇಳಬಹುದು. ನಮ್ಮ ಸಹಾಯ ಬೇಕೆಂದು ಬರುವವರು ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಕೆಲಸದ ಅನುಮತಿಯ ದಾಖಲೆ, ಕಳೆದ ಒಂದೂವರೆ ವರ್ಷದ ಪೇ ಸ್ಟಬ್‌ಗಳು ಮತ್ತು ಇಲಾಖೆಯಿಂದ ಬಂದ ಪ್ರತಿಯೊಂದು ಪತ್ರವನ್ನೂ, ತೆರೆಯದೇ ಇಟ್ಟ ಲಕೋಟೆಗಳಿದ್ದರೆ ಅವನ್ನೂ, ತೆಗೆದುಕೊಂಡು ಬನ್ನಿ.