ನಾಯಿ ಸುಲಭ, ಯಜಮಾನರೇ ಕಷ್ಟ

ಸಾಕುಪ್ರಾಣಿಗಳನ್ನು ಅವುಗಳ ಮನೆಯವರ ಜೊತೆಗೆ ಫೋಟೊ ತೆಗೆಯುವ ಕೆಲಸಕ್ಕೆ ಇಳಿದಾಗ, ಪ್ರಾಣಿಯನ್ನು ಒಂದು ಕಡೆ ನಿಲ್ಲಿಸುವುದೇ ದೊಡ್ಡ ಪಾಡು ಅಂದುಕೊಂಡಿದ್ದೆ. ನಾಯಿ ಹೇಗೋ ಕೂರುತ್ತದೆ. ಅದರ ಪಕ್ಕದಲ್ಲಿ ಕುಳಿತವರು ಕತ್ತು ಸೆಟೆಸಿ, ಬಲವಂತದ ನಗು ನಕ್ಕು, “ಇಲ್ಲಿ ನೋಡು, ಇಲ್ಲಿ ನೋಡು” ಎಂದು ಅದರ ಮೂತಿ ಹಿಡಿದು ನನ್ನ ಕಡೆಗೆ ತಿರುಗಿಸುತ್ತಾರೆ. ಎಂದೂ ಹೀಗಾಡದ ಯಜಮಾನರಿಗೆ ಇಂದು ಏನಾಯಿತು ಎಂದು ನಾಯಿಗೆ ಗಾಬರಿ. ಕಿವಿ ಹಿಂದಕ್ಕೆ ಒತ್ತಿಕೊಳ್ಳುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ. ಪಾಪ, ನಿದ್ದೆ ಬಂದಿದೆ ಎಂದು ಮನೆಯವರು ನಗುತ್ತಾರೆ. ಅದು ನಿದ್ದೆಯಲ್ಲ, ಇರುಸುಮುರುಸು.

ಹಾಗಾಗಿ ಈಗ ಹೋದ ತಕ್ಷಣ ಕ್ಯಾಮೆರಾ ತೆಗೆಯುವುದಿಲ್ಲ. ಚೀಲವನ್ನು ನೆಲದ ಮೇಲೆ ಇಟ್ಟು ಪಕ್ಕದಲ್ಲಿ ಕೂರುತ್ತೇನೆ. ನಾಯಿ ಬಂದು ಚೀಲವನ್ನೂ ನನ್ನ ಬೂಟನ್ನೂ ಮೂಸಿ, ಹಿಂದಿನ ದಿನ ನಾನು ಯಾವ ನಾಯಿಯ ಹತ್ತಿರ ಇದ್ದೆ ಎಂಬುದನ್ನೆಲ್ಲ ತಿಳಿದುಕೊಳ್ಳಲಿ. ಮನೆಯವರನ್ನು ಮಾತಿಗೆ ಎಳೆಯುತ್ತೇನೆ: ಇದು ಮನೆಗೆ ಬಂದದ್ದು ಹೇಗೆ, ಮೊದಲ ರಾತ್ರಿ ಎಲ್ಲಿ ಮಲಗಿತು? ಈ ಪ್ರಶ್ನೆ ಕೇಳಿದರೆ ಸಾಕು, ಅವರ ಕೈ ತಾನಾಗಿ ನಾಯಿಯ ಬೆನ್ನಿನ ಮೇಲೆ ಹೋಗುತ್ತದೆ. ಆ ಕೈ ಹೋಗುವ ಜಾಗವನ್ನು ಗಮನಿಸಿ ಇಟ್ಟುಕೊಳ್ಳುತ್ತೇನೆ, ಆಮೇಲೆ ಬೇಕಾಗುವುದು ಅದೇ. ಬೆಕ್ಕಿನ ಮನೆಯಲ್ಲಿ ಈ ಕೂರುವ ಹೊತ್ತು ಇಮ್ಮಡಿಯಾಗುತ್ತದೆ. ಅದರ ಕಣ್ಣನ್ನು ನಾನು ನೆಟ್ಟ ನೋಟದಿಂದ ನೋಡುವುದಿಲ್ಲ. ಅಷ್ಟು ಮಾಡಿದರೂ ಮಂಚದ ಕೆಳಗೆ ಸೇರಿಕೊಂಡರೆ ಇನ್ನೊಂದು ದಿನ ಬರುತ್ತೇನೆ.

ಕುದುರೆಯ ವಿಷಯ ಬೇರೆ. ಮೊದಲ ಸಲ ಲಾಯಕ್ಕೆ ಹೋದಾಗ ಅಗಲ ನೋಟದ 35 ಮಿ.ಮೀ. ಲೆನ್ಸ್ ಹಾಕಿಕೊಂಡು ಕುದುರೆಯ ಮುಂದೆಯೇ ನಿಂತೆ. ಮನೆಗೆ ಬಂದು ನೋಡಿದರೆ ತಲೆ ಪೀಪಾಯಿಯಷ್ಟು, ಹಿಂಗಾಲು ಮೇಕೆಯದ್ದರಷ್ಟು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೆ ಆ ಚಿತ್ರ ಕಂಡು ಕುದುರೆಯ ಒಡತಿಯೇ ಬಹಳ ಹೊತ್ತು ಮಾತಾಡಲಿಲ್ಲ. ಹತ್ತಿರದಿಂದ ಅಗಲ ಲೆನ್ಸ್‌ನಲ್ಲಿ ತೆಗೆದರೆ ಮುಂದಿರುವುದು ಹಿಗ್ಗುತ್ತದೆ, ಹಿಂದಿರುವುದು ಕುಗ್ಗುತ್ತದೆ. ಕುದುರೆಯಂಥ ಉದ್ದನೆಯ ಪ್ರಾಣಿಯಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಈಗ ದೂರದ್ದನ್ನು ಹತ್ತಿರ ತೋರಿಸುವ 70–200 ಮಿ.ಮೀ. ಲೆನ್ಸ್ ಹಾಕಿ, ಪೂರ್ತಿ ಕುದುರೆ ಬೇಕಾದರೆ ಹದಿನೈದು ಮೀಟರ್‌ನಷ್ಟು ಹಿಂದೆ ಸರಿದು, ಕ್ಯಾಮೆರಾವನ್ನು ಅದರ ಎದೆಯ ಎತ್ತರಕ್ಕೆ ಇಳಿಸಿಕೊಳ್ಳುತ್ತೇನೆ. ನನ್ನ ಕಡೆಯ ಎರಡು ಕಾಲುಗಳು ಅಗಲವಾಗಿ, ಆಚೆಯವೆರಡು ಅವುಗಳ ನಡುವೆ ಕಾಣುವಂತೆ ನಿಂತರೆ ನಾಲ್ಕೂ ಕಾಲು ಲೆಕ್ಕಕ್ಕೆ ಸಿಗುತ್ತವೆ. ಇಲ್ಲದಿದ್ದರೆ ಮೂರು ಕಾಲಿನ ಕುದುರೆ.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿವೆ. ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕುರುಡು. ಆದ್ದರಿಂದ ಹಣೆಗೆ ಹಣೆ ತಾಗಿಸಿ ನಿಲ್ಲುವ ಭಂಗಿಯನ್ನು ಮೊದಲೇ ಕೇಳುವುದಿಲ್ಲ, ಯಜಮಾನರನ್ನು ಕುದುರೆಯ ಭುಜದ ಪಕ್ಕದಲ್ಲಿ ನಿಲ್ಲಿಸುತ್ತೇನೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಮಡಿಸಿ ಹಿಡಿಯಿರಿ ಎಂದು ಪ್ರತಿ ಸಲವೂ ಹೇಳುತ್ತೇನೆ. ಇದನ್ನು ನಾನು ಕಲಿತ ರೀತಿ ಹೇಳಿಕೊಳ್ಳುವಂಥದ್ದಲ್ಲ. ಮುಖದ ಮೇಲೆ ಬೆಳಕು ಹಾಯಿಸಲು ಬಳಸುವ, ಸುತ್ತಿ ಇಟ್ಟಿದ್ದ ಬೆಳ್ಳಿಬಣ್ಣದ ರಿಫ್ಲೆಕ್ಟರನ್ನು ಒಂದು ಕುದುರೆಯ ಪಕ್ಕದಲ್ಲೇ ಬಿಚ್ಚಿದೆ. ಅದು ಪಟ್ ಎಂದು ತೆರೆದುಕೊಂಡು ಬಿಸಿಲಿಗೆ ಥಳಕ್ ಎಂದಿತು. ಕುದುರೆ ತಲೆ ಕೊಡವಿ ಹಿಂದಕ್ಕೆ ಜಗ್ಗಿತು. ಹಗ್ಗ ಹಿಡಿದಿದ್ದ ಹುಡುಗನ ಅಂಗೈ ಉಜ್ಜಿಹೋಗಿ ಕೆಂಪಾಯಿತು. ಅವನು ನನ್ನನ್ನು ಬೈಯಲಿಲ್ಲ, ಕುದುರೆಯ ಕತ್ತನ್ನೇ ಸವರುತ್ತಾ ನಿಂತ. ಅಂದಿನಿಂದ ರಿಫ್ಲೆಕ್ಟರ್ ಲಾಯದ ಹತ್ತಿರ ಬರುವುದಿಲ್ಲ, ಫ್ಲ್ಯಾಶ್ ಕೂಡ ಇಲ್ಲ. ಲಾಯದ ಬಾಗಿಲಲ್ಲಿ ನಿಲ್ಲಿಸಿದರೆ ಹಿಂದೆ ಕತ್ತಲು, ಮುಖದ ಮೇಲೆ ಹೊರಗಿನ ಮೆದು ಬೆಳಕು. ಇದಕ್ಕಿಂತ ಒಳ್ಳೆಯ ಸ್ಟುಡಿಯೊವನ್ನು ನಾನು ಕಂಡಿಲ್ಲ.

ಇನ್ನು ಕಿವಿ. ಮನುಷ್ಯರ ಚಿತ್ರದಲ್ಲಿ ಕಣ್ಣು ಹೇಗೋ ಕುದುರೆಯ ಚಿತ್ರದಲ್ಲಿ ಕಿವಿ ಹಾಗೆ. ಎರಡೂ ಮುಂದಕ್ಕೆ ನಿಮಿರಿದ್ದರೆ ಮುಖಕ್ಕೆ ಕಳೆ, ಹಿಂದಕ್ಕೆ ಬಿದ್ದರೆ ಸಿಡುಕು. ನನ್ನ ಬೆನ್ನ ಹಿಂದೆ ಒಬ್ಬರನ್ನು ನಿಲ್ಲಿಸಿ ಕಾಗದ ಪರಪರ ಎನ್ನಿಸುತ್ತೇನೆ, ಇಲ್ಲವೇ ಮೊಬೈಲ್‌ನಲ್ಲಿ ಇನ್ನೊಂದು ಕುದುರೆ ಕೆನೆಯುವ ಸದ್ದು ಹಾಕಿಸುತ್ತೇನೆ. ಎರಡು ಸಲ, ಹೆಚ್ಚೆಂದರೆ ಮೂರು ಸಲ ನಡೆಯುತ್ತದೆ, ಆಮೇಲೆ ಕುದುರೆಗೆ ನಮ್ಮ ಬಂಡವಾಳ ಗೊತ್ತಾಗುತ್ತದೆ. ಆದ್ದರಿಂದ ಫೋಕಸ್, ಬೆಳಕು, ಯಜಮಾನರ ಕೂದಲು ಎಲ್ಲ ಸರಿಯಾದ ಮೇಲಷ್ಟೇ ಸದ್ದು. ಅಪರ್ಚರ್, ಅಂದರೆ ಲೆನ್ಸ್ ಒಳಗಿನ ಕಿಂಡಿ, f/5.6ರ ಆಸುಪಾಸು: ಕುದುರೆಯ ಮುಖ ಉದ್ದ, ಪೂರ್ತಿ ತೆರೆದರೆ ಕಣ್ಣು ಚೊಕ್ಕವಾಗಿ ಮೂಗು ಮಂಜಾಗುತ್ತದೆ.

ಓಡುವ ಚಿತ್ರಕ್ಕೆ ಶಟರ್ ವೇಗ ಸೆಕೆಂಡಿನ 1000ನೇ ಒಂದು ಭಾಗಕ್ಕಿಂತ ನಿಧಾನವಾಗಬಾರದು. ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಗೊರಸು ಒಮ್ಮೆಗೇ ನೆಲ ಬಿಡುತ್ತವೆ ಎಂಬುದನ್ನು 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕರು ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೋರಿಸಿದ್ದರು. ಅದೂ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ. ಅಷ್ಟು ವರ್ಷ ಕಳೆದರೂ ಮಡಿಸಿದ ಕಾಲಿನ ಚಿತ್ರವನ್ನು ಕುದುರೆಯವರು ಯಾರೂ ಆರಿಸುವುದಿಲ್ಲ, ಚಾಚಿದ್ದೇ ಬೇಕು.

ಕಪ್ಪು ನಾಯಿ, ಬಿಳಿ ಕುದುರೆ ಎರಡರಲ್ಲೂ ಕ್ಯಾಮೆರಾ ಮೋಸಹೋಗುತ್ತದೆ. ಅದಕ್ಕೆ ಲೋಕವೆಲ್ಲ ಬೂದು, ಕಪ್ಪನ್ನೂ ಬಿಳಿಯನ್ನೂ ಬೂದಾಗಿಸಲು ನೋಡುತ್ತದೆ. ಚೌಕಟ್ಟು ತುಂಬ ಕಪ್ಪಿದ್ದರೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕು, ಒಂದು ಮೆಟ್ಟಿಲು ಇಳಿಸಿ, ಬಿಳಿಯಿದ್ದರೆ ಅಷ್ಟೇ ಏರಿಸಿದರೆ ಬಣ್ಣ ಬಣ್ಣವಾಗಿ ಬರುತ್ತದೆ. ಪಕ್ಕದಲ್ಲಿರುವವರ ಮುಖವನ್ನೂ ನೋಡಿಕೊಂಡು ಹೊಂದಿಸಬೇಕು. ಬಟ್ಟೆಯ ಬಗ್ಗೆ ಹೇಳುವುದು ಒಂದೇ ಮಾತು: ನಾಯಿಯ ಕೂದಲಿಗೆ ಎದುರು ಬಣ್ಣದ್ದು ಬೇಡ.

ಒಬ್ಬ ವಯಸ್ಸಾದ ಅಮ್ಮ ಈ ಮಾತನ್ನು ಮರೆತು ಕಪ್ಪು ಸ್ವೆಟರ್ ಹಾಕಿಕೊಂಡೇ ಬಂದರು. ಅವರ ಬಿಳಿ ನಾಯಿಗೆ ಹದಿನಾಲ್ಕು ವರ್ಷ, ಕಿವಿ ಕೇಳಿಸದು. ನನ್ನ ಕೀಕೀ ಗೊಂಬೆ, ಸಿಳ್ಳೆ ಎಲ್ಲ ದಂಡ. ಒಂದು ತಿಂಡಿಯ ಚೂರನ್ನು ಲೆನ್ಸ್‌ನ ಪಕ್ಕ ಹಿಡಿದಾಗ ಮೂಗು ಅರಳಿಸಿ ನಾಲ್ಕು ಸಲ ಈ ಕಡೆ ನೋಡಿತು, ನಾಲ್ಕು ಚಿತ್ರ ಸಿಕ್ಕವು. ಆಯಿತು ಅಮ್ಮ, ಮುಗಿಯಿತು ಎಂದು ಕ್ಯಾಮೆರಾವನ್ನು ಮಡಿಲಿಗೆ ಇಳಿಸಿದೆ. ಅವರ ಹೆಗಲು ಸಡಿಲವಾಯಿತು. ನಾಯಿ ಎರಡು ಸುತ್ತು ತಿರುಗಿ ಅವರ ತೋಳಿಗೆ ಪೂರ್ತಿ ಭಾರ ಬಿಟ್ಟು ಒರಗಿತು. ಅವರು ನೋಡದೆಯೇ ಅದರ ಕಿವಿಯ ಹಿಂದೆ, ರೋಮ ಸವೆದು ತೆಳ್ಳಗಾಗಿದ್ದ ಜಾಗದಲ್ಲಿ, ಹೆಬ್ಬೆರಳು ಆಡಿಸತೊಡಗಿದರು. ಮಡಿಲಿನಿಂದಲೇ ಸದ್ದಿಲ್ಲದ ಶಟರ್ ಒತ್ತಿದೆ.

ಚಿತ್ರಗಳನ್ನು ಕೊಟ್ಟಾಗ ಮೊದಲ ನಾಲ್ಕನ್ನು ಬದಿಗೆ ಸರಿಸಿ ಅದೊಂದನ್ನೇ ಹತ್ತಿರ ಹಿಡಿದು ನೋಡಿದರು. “ಸ್ವೆಟರ್ ತುಂಬ ಇದರ ಕೂದಲು ನೋಡಿ” ಎಂದು ನಕ್ಕರು. ಕಂಪ್ಯೂಟರಿನಲ್ಲಿ ಅಳಿಸಿಕೊಡುತ್ತೇನೆ ಎಂದೆ.

“ಬೇಡಪ್ಪ, ಇರಲಿ” ಎಂದರು.